ಸಾಹುಕಾರರ ಕಾರಿಗೆ ಕಂಬಿ ಹಾಕಿದ ದಿನ

ಕಾರು ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕೇಳಿ ನಾನು ಎದ್ದು ನಿಂತಿದ್ದೆ. ಒಂಟಿಕೊಪ್ಪಲಿನಲ್ಲಿದ್ದ ನನ್ನ ಗ್ಯಾರೇಜಿಗೆ ದೊಡ್ಡ ರಸ್ತೆಯಿಂದ ತಿರುಗಿ ಬರುವ ಓಣಿ ಸ್ವಲ್ಪ ಏರು. ಆ ಏರಿನಲ್ಲಿ ಗೇರು ಇಳಿಸುವಾಗ ಹೆಚ್ಚಿನವರು ಗಾಡಿಯನ್ನು ಕರಕರ ಅನ್ನಿಸಿಬಿಡುತ್ತಿದ್ದರು. ಒಬ್ಬರು ಮಾತ್ರ ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ಕಾಲಿನ ತುದಿಯಿಂದ ಆಕ್ಸಿಲರೇಟರಿಗೆ ಒಂದು ಸಣ್ಣ ತಟ್ಟು ಕೊಟ್ಟು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರು ಬದಲಿಸುತ್ತಿದ್ದರು. ಆ ತಟ್ಟು ಕಿವಿಗೆ ಬಿದ್ದದ್ದೇ 'ಸಾಹುಕಾರರು ಬಂದರು' ಎಂದುಕೊಂಡು ಬಾಯಲ್ಲಿದ್ದ ಬೀಡಿಯನ್ನು ಎಸೆದೆ. ಎಸೆದ ಮೇಲೆ ನೆನಪಾಯಿತು. ಸಾಹುಕಾರರನ್ನು ಮಣ್ಣು ಮಾಡಿ ಆಗಲೇ ಒಂದು ಮಳೆಗಾಲ ಕಳೆದುಹೋಗಿತ್ತು.

ಮಾಗಿಯ ಬೆಳಗು. ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಭಾನುವಾರವಾದ್ದರಿಂದ ಗ್ಯಾರೇಜಿನಲ್ಲಿ ನಾನೊಬ್ಬನೇ ಇದ್ದೆ. ಓಣಿಯ ತಿರುವಿನಲ್ಲಿ ಆ ಕಪ್ಪು ಕಾರು ಮೂತಿ ತೋರಿಸಿತು. ಮುಂದಿನ ಗಾಜಿನ ತುಂಬ ಹೊಂಗೆಮರದ ನೆರಳೂ ಬೆಳ್ಳನೆಯ ಆಕಾಶವೂ ಬಿದ್ದಿದ್ದವು. ಅದರ ಹಿಂದೆ ಯಾರೂ ಕಾಣಲಿಲ್ಲ. ಓಡಿಸುವವರೇ ಇಲ್ಲದ ಕಾರು ಹಾರನ್ನೂ ಹಾಕದೆ ಮೆಲ್ಲನೆ ಬಂದು, ಸಾಹುಕಾರರು ಯಾವಾಗಲೂ ನಿಲ್ಲಿಸುತ್ತಿದ್ದ ಜಾಗದಲ್ಲೇ, ಹೊಂಗೆಮರದ ಬುಡಕ್ಕೆ ಬೆನ್ನು ಮಾಡಿ ನಿಂತಿತು. ಎಂಜಿನ್ ಆರಿತು. ಬಾಗಿಲು ತೆಗೆಯಲಿಲ್ಲ.

ನಾನು ಹೆದರುಪುಕ್ಕಲನಲ್ಲ. ಆದರೂ ಅವತ್ತು ನನ್ನ ಕಾಲು ಮುಂದಕ್ಕೆ ಬರಲಿಲ್ಲ.

ಆ ಸಾಹುಕಾರರ ವಿಚಾರ ಹೇಳಬೇಕು. ಅವರದು ಲಕ್ಷ್ಮೀಪುರದಲ್ಲಿ ಮನೆ. ಪೇಟೆಯಲ್ಲಿ ತಲೆಮಾರಿನಿಂದ ಬಂದ ಧಾನ್ಯದ ಮಂಡಿ. ಇನ್ನೂ ನಲವತ್ತು ತುಂಬಿರದ ಮನುಷ್ಯ. ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಮಂಡಿಯಲ್ಲಿ ಕೂರುತ್ತಿದ್ದರೂ ಮನಸ್ಸೆಲ್ಲ ಎಂಜಿನ್ನಿನ ಮೇಲೆ. ನಾನೋ ಊರಲ್ಲಿ ನೇಗಿಲು ಹಿಡಿದಿದ್ದವನು. ಬಸ್ಸಿನ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಒಂಟಿಕೊಪ್ಪಲಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದೆ. ಅವರು ನನ್ನ ಶೆಡ್ಡಿಗೆ ಬಂದರೆ ಪಂಚೆ ಮೇಲೆ ಕಟ್ಟಿ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಯುದ್ಧ ಮುಗಿದ ಮೇಲೆ ವಿಲಾಯಿತಿಯಿಂದ ಬಂದಿದ್ದ, ಎರಡು ಕೈ ದಾಟಿ ಅವರಿಗೆ ಸಿಕ್ಕಿದ್ದ ಕಾರು ಅದು. ಅದರ ಮೇಲೆ ಅವರಿಗೆ ಒಂದೇ ದೂರು.

"ಮೇಸ್ತ್ರಿ, ಇದು ತಿರುವಿನಲ್ಲಿ ಹುಲ್ಲಿನ ಗಾಡಿ ಥರ ವಾಲುತ್ತೆ ಕಣ್ರೀ. ವಾಲಿದ್ ಮೇಲೆ ಮೂತಿ ಮಾತು ಕೇಳಲ್ಲ. ನಾನು ಸ್ಟೀರಿಂಗ್ ತಿರುಗಿಸ್ತೀನಿ, ಅದು ನೆಟ್ಟಗೆ ಹೋಗುತ್ತೆ" ಅನ್ನುತ್ತಿದ್ದರು.

ಅದಕ್ಕೆ ಮದ್ದನ್ನೂ ಅವರೇ ಹುಡುಕಿಕೊಂಡಿದ್ದರು. ಮುಂದಿನ ಚಕ್ರಗಳ ನಡುವೆ ಕಾರು ಮಾಡಿದವರೇ ಒಂದು ಉಕ್ಕಿನ ಕಂಬಿ ಹಾಕಿದ್ದರು. ಹಿಂದಿನ ಚಕ್ರಗಳಿಗೆ ಇರಲಿಲ್ಲ. ಹಿಂದಕ್ಕೂ ಅಂಥದ್ದನ್ನು ಬೇರೆಯಾಗಿ ಮಾಡಿ ಮಾರುವವರು ಇಂಗ್ಲೆಂಡಿನಲ್ಲಿದ್ದಾರೆಂದು ತಿಳಿದು, ಅಲ್ಲಿ ಓದುತ್ತಿದ್ದ ಸ್ನೇಹಿತರಿಗೆ ಹೇಳಿಟ್ಟಿದ್ದರು. ಕಾರು ತಿರುಗುವಾಗ ಒಂದು ಬದಿಯ ಕಮಾನು ಪಟ್ಟಿ, ಅಂದರೆ ಸ್ಪ್ರಿಂಗು, ಅದುಮಿಕೊಳ್ಳುತ್ತದೆ, ಇನ್ನೊಂದು ಬದಿಯದು ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಗಾಡಿ ವಾಲುವುದು. ಈ ಕಂಬಿ ಎರಡು ಬದಿಯನ್ನೂ ಒಂದಕ್ಕೊಂದು ಗಂಟು ಹಾಕಿದ ಹಾಗೆ. ಒಂದು ಬದಿ ಕುಸಿಯಲು ಹೋದರೆ ಕಂಬಿ ತಿರುಚಿಕೊಂಡು ಇನ್ನೊಂದನ್ನೂ ಜೊತೆಗೆ ಎಳೆಯುತ್ತದೆ. ಗಾಡಿ ಮಟ್ಟವಾಗಿ ನಿಲ್ಲುತ್ತದೆ. ಇದನ್ನೆಲ್ಲ ಅವರು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ನನಗೆ ವಿವರಿಸಿದ್ದರು.

ಕಂಬಿ ಬರುವ ಮೊದಲೇ ಸಾಹುಕಾರರು ಹೋದರು. ಬೇಸಿಗೆಯ ಒಂದು ಬೆಳಿಗ್ಗೆ, ಬೋಗಾದಿಯ ಕೆರೆ ಏರಿಯ ತಿರುವಿನಲ್ಲಿ ಕಾರು ತಿರುಗದೆ, ಏರಿಯಿಂದ ಕೆಳಗಿನ ಹೊಲಕ್ಕೆ ಉರುಳಿತು. ಜೊತೆಯಲ್ಲಿ ಅವರ ಹೆಂಡತಿಯೂ ಇದ್ದರು. ಆಕೆಗೆ ಒಂದು ಮಣಿಕಟ್ಟು ಮುರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಶಿವ ಕಾಪಾಡಿದ, ಪವಾಡ ಎಂದು ಜನ ಆಡಿಕೊಂಡರು.

ಆ ಕಾರನ್ನು ಎತ್ತಿನ ಗಾಡಿಗಳಿಗೆ ಹಗ್ಗ ಕಟ್ಟಿ ಎಳೆಸಿ ನನ್ನ ಶೆಡ್ಡಿಗೆ ತಂದುಹಾಕಿದರು. ಗುಜರಿಗೆ ಕೊಟ್ಟುಬಿಡೋಣ ಎಂದವರೇ ಎಲ್ಲರೂ. ಸಾಹುಕಾರರ ತಾಯಿ ಒಪ್ಪಲಿಲ್ಲವಂತೆ. ಮಗ ಪ್ರೀತಿಯಿಂದ ಮುಟ್ಟಿದ ವಸ್ತು ಗುಜರಿಗೆ ಹೋಗಕೂಡದು, ಮೊದಲಿನ ಹಾಗೆ ಮಾಡಿ ಮನೆಗೆ ತಂದು ನಿಲ್ಲಿಸಬೇಕು ಎಂದು ಆ ಮುದುಕಿ ಹೇಳಿಕಳುಹಿಸಿದರು. ನಾನು ಆ ಕಾರಿನ ತಗಡು ಬಡಿಯುತ್ತಾ ವಾರಗಟ್ಟಲೆ ಕೂತೆ. ಆಗ ಒಂದು ಸಂಗತಿ ನನ್ನ ತಲೆಗೆ ಹತ್ತಿ ಇಳಿಯಲೇ ಇಲ್ಲ. ನುಜ್ಜುಗುಜ್ಜಾಗಿದ್ದದ್ದು ಎಡಗಡೆ. ಎಡಬಾಗಿಲು, ಎಡಬದಿಯ ಮೇಲ್ಛಾವಣಿ ಒಳಕ್ಕೆ ಕುಸಿದು ಸೀಟಿಗೆ ತಾಗಿದ್ದವು. ಬಲಗಡೆ, ಓಡಿಸುವವರು ಕೂರುವ ಕಡೆ, ಬಾಗಿಲಿಗೊಂದು ಗೀರು, ಅಷ್ಟೇ. ಸ್ಟೀರಿಂಗ್ ಚಕ್ರ ಎಳ್ಳಷ್ಟೂ ಸೊಟ್ಟಗಾಗಿರಲಿಲ್ಲ. ಬಲಗಡೆ ಕೂತವರು ಸತ್ತು ಎಡಗಡೆ ಕೂತವರು ಬದುಕಿದ್ದು ಹೇಗೆ? ಆ ಎಡಗಡೆ ಒಂದು ಕೂಸು ಕೂರುವಷ್ಟೂ ಜಾಗ ಉಳಿದಿರಲಿಲ್ಲ. ಒಂಟಿಯಾಗಿ ಕೆಲಸ ಮಾಡುವಾಗ ಆ ಸೀಟಿನ ಮೇಲೆ ಗೋಣಿತಾಟು ಮುಚ್ಚಿಬಿಡುತ್ತಿದ್ದೆ. ಯಾರನ್ನೂ ಕೇಳಲಿಲ್ಲ. ಕೆಲಸ ಮುಗಿಸಿ, ಬಣ್ಣ ಹೊಡೆಸಿ, ಲಕ್ಷ್ಮೀಪುರದ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಟ್ಟುಬಂದೆ. ಆ ಮನೆಯಲ್ಲಿ ಇನ್ನು ಅದನ್ನು ಓಡಿಸುವವರಿಲ್ಲ ಎಂದೇ ನನಗೆ ಗೊತ್ತಿದ್ದದ್ದು.

ಆ ಕಾರೇ ಈಗ ಹೊಂಗೆಮರದ ಕೆಳಗೆ ನಿಂತಿತ್ತು.

ಕೊನೆಗೂ ಬಾಗಿಲು ತೆರೆಯಿತು. ಇಳಿದವರು ಸಾಹುಕಾರರ ಹೆಂಡತಿ. ತೀರ ಕುಳ್ಳಗಿನ, ತೆಳ್ಳಗಿನ ಹೆಂಗಸು. ಗಾಜಿನ ಹಿಂದೆ ಕಾಣದೆ ಇದ್ದದ್ದು ಅದಕ್ಕೇ. ಬಿಳಿ ಸೀರೆ, ಹಣೆಯಲ್ಲಿ ವಿಭೂತಿ ಮಾತ್ರ. ಅದುವರೆಗೆ ನಾನು ಅವರನ್ನು ಕಂಡದ್ದು ಎರಡೇ ಸಲ, ಅದೂ ಬಾಗಿಲ ಮರೆಯಲ್ಲಿ. ಅವರ ಧ್ವನಿ ಕೇಳಿದ್ದು ಅವತ್ತೇ ಮೊದಲು.

"ಏನ್ ಮೇಸ್ತ್ರಿ, ಬಿಡುವಾಗಿದೀರಾ?" ಎಂದರು.

ಸಾಹುಕಾರರು ಬಂದೊಡನೆ ಕೇಳುತ್ತಿದ್ದ ಮಾತೇ ಅದು. ಅದೇ ಎಳೆತ.

"ಅಮ್ಮಾವ್ರೆ, ನೀವು... ಗಾಡಿ ಓಡಿಸ್ಕೊಂಡು ಬಂದ್ರಾ? ಯಾರು ಕಲಿಸಿದ್ರು?"

"ಅವರೇ ಹೇಳ್ಕೊಡ್ತಾರೆ."

"ಯಾರು?"

"ಅವರೇ ಕಣ್ರೀ. ಬೆಳಿಗ್ಗೆ ಬೆಳಿಗ್ಗೆ." ಇಷ್ಟು ಹೇಳಿ ಹಿಂದಿನ ಸೀಟಿನಿಂದ ಗೋಣಿತಾಟಿನಲ್ಲಿ ಸುತ್ತಿದ್ದ ಉದ್ದನೆಯದೊಂದನ್ನು ಎಳೆದರು. ನಾನು ಹೋಗಿ ಕೈ ಕೊಟ್ಟೆ. ಎರಡು ತುದಿಯೂ ಬಾಗಿದ, ಕಪ್ಪು ಬಣ್ಣ ಬಳಿದ, ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಕಂಬಿ. ಜೊತೆಗೊಂದು ಬಟ್ಟೆಯ ಚೀಲದಲ್ಲಿ ಅದರ ಕ್ಲ್ಯಾಂಪುಗಳು, ರಬ್ಬರ್ ಬುಷ್ಷುಗಳು, ಬೋಲ್ಟುಗಳು. ಇಂಗ್ಲೆಂಡಿನ ಸ್ನೇಹಿತರು ಹಡಗಿನಲ್ಲಿ ಊರಿಗೆ ಬಂದವರು ತಂದುಕೊಟ್ಟರಂತೆ. ಮುಂಬಯಿಯಲ್ಲಿ ಇಳಿಯುವವರೆಗೂ ಅವರಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲವಂತೆ.

"ಇದನ್ನ ಇವತ್ತೇ ಹಾಕ್ಕೊಡಿ."

ಅವರು 'ಹೇಳ್ಕೊಡ್ತಾರೆ' ಎಂದದ್ದು ನನ್ನ ಕಿವಿಯಲ್ಲೇ ಇತ್ತು. ದುಃಖದಲ್ಲಿರುವವರು ಸತ್ತವರನ್ನು ಇದ್ದಾರೆಂಬ ಹಾಗೇ ಮಾತಾಡುವುದುಂಟು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆ ಗೇರಿನ ತಟ್ಟು? ಅದು ದುಃಖದಿಂದ ಬರುವಂಥದ್ದಲ್ಲ.

"ಅಮ್ಮಾವ್ರೆ, ನಿಜ ಹೇಳ್ತೀನಿ ಕೇಳಿ. ಈ ಕಂಬಿ ಹಾಕಿದ್ರೆ ವಾಲೋದು ನಿಲ್ಲುತ್ತೆ, ಮೂತಿನೂ ತಿರುಗುತ್ತೆ. ಆದ್ರೆ ಹಿಂದುಗಡೆ ಬಿರುಸಾಗ್ಬುಡುತ್ತೆ. ಜಲ್ಲಿ ಮೇಲೋ ಒದ್ದೆ ನೆಲದ ಮೇಲೋ ಬಾಲ ಜಾರಬಹುದು. ಸಾವ್ಕಾರ್ರಂಥ ಕೈಗಾದ್ರೆ ಸರಿ."

"ಜಾರಿದ್ರೆ ಹೆದರಿ ಕಾಲು ತೆಗೀಬಾರದು. ಅಲ್ವಾ?" ಎಂದರು. ಪ್ರಶ್ನೆಯ ಹಾಗೆ ಇರಲಿಲ್ಲ ಅದು.

ನಾನು ಕಾರನ್ನು ಶೆಡ್ಡಿನೊಳಗೆ ತಳ್ಳಿ, ನೆಲದಲ್ಲಿ ತೋಡಿ ಕಲ್ಲು ಕಟ್ಟಿಸಿದ್ದ ಗುಂಡಿಯ ಮೇಲೆ ನಿಲ್ಲಿಸಿದೆ. ಗಾಡಿಯ ಹೊಟ್ಟೆಯ ಕೆಲಸಕ್ಕೆ ನಾವು ಇಳಿಯುತ್ತಿದ್ದದ್ದು ಆ ಗುಂಡಿಗೆ. ಹಿಂಭಾಗಕ್ಕೆ ಜಾಕ್ ಕೊಟ್ಟು ಎತ್ತಿ, ಮರದ ದಿಮ್ಮಿ ಇಟ್ಟು, ಕೆಳಗಿಳಿದು ಆಕ್ಸಲನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಸಾಹುಕಾರರು ಉರುಳಿದ ಹೊಲದ ಮಣ್ಣು ಇನ್ನೂ ಕಮಾನು ಪಟ್ಟಿಗಳ ಸಂದಿಯಲ್ಲಿ ಕಚ್ಚಿಕೊಂಡಿತ್ತು. ತೊಳೆದಾಗ ಕೆಂಪಗೆ ನನ್ನ ಮೊಣಕೈವರೆಗೂ ಇಳಿಯಿತು.

ಆಕೆ ಗುಂಡಿಯ ಅಂಚಿನಲ್ಲಿ ಒಂದು ಡಬ್ಬದ ಮೇಲೆ ಕೂತಿದ್ದರು. ನನಗೆ ಕಾಣುತ್ತಿದ್ದದ್ದು ಅವರ ಪಾದ, ಸೀರೆಯ ಅಂಚು, ಮಡಿಲಲ್ಲಿ ಮಡಿಸಿಟ್ಟುಕೊಂಡ ಕೈ. ಮುರಿದು ಕೂಡಿದ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು.

ಬುಷ್ಷುಗಳಿಗೆ ಬಳಿಯಲು ಗ್ರೀಸಿನ ಡಬ್ಬ ಎತ್ತಿಕೊಂಡೆ.

"ಗ್ರೀಸ್ ಬೇಡವಂತೆ" ಮೇಲಿನಿಂದ ಧ್ವನಿ ಬಂತು. "ಗ್ರೀಸು ರಬ್ಬರನ್ನ ತಿಂದ್ಹಾಕುತ್ತಂತೆ. ಹರಳೆಣ್ಣೆ ಬಳೀಬೇಕಂತೆ. ಚೀಲದಲ್ಲಿ ಸೀಸೆ ಇದೆ ನೋಡಿ."

ಇತ್ತು. ಹೇಳಿದ್ದು ಸರಿಯಾಗಿಯೂ ಇತ್ತು. ನಾನು ಹರಳೆಣ್ಣೆ ಬಳಿದು, ಬುಷ್ಷುಗಳನ್ನು ಕಂಬಿಗೆ ತೊಡಿಸಿ, ಕ್ಲ್ಯಾಂಪುಗಳನ್ನು ಆಕ್ಸಲ್ಲಿಗೆ ಹಿಡಿಸಿದೆ. ಎರಡು ತುದಿಗಳನ್ನು ಗಾಡಿಯ ಚೌಕಟ್ಟಿಗೆ ಸೇರಿಸುವ ಗೇಣುದ್ದದ ಸರಳುಗಳನ್ನು ನೇತುಹಾಕಿ ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿಟ್ಟೆ. ಸ್ಪ್ಯಾನರ್ ತೆಗೆದುಕೊಂಡು ಬಿಗಿಯಲು ಹೋದೆ.

"ಈಗಲೇ ಬಿಗೀಬೇಡಿ. ಚಕ್ರ ನೇತಾಡ್ತಿರುವಾಗ ಬಿಗಿದ್ರೆ ರಬ್ಬರು ತಿರುಚಿಕೊಂಡೇ ಇರುತ್ತಂತೆ. ಗಾಡಿ ನೆಲಕ್ಕಿಳೀಲಿ, ಜನ ಕೂತ್ಕೊಳ್ಳಲಿ, ಆಮೇಲೆ."

'ಅಂತೆ' ಅನ್ನುತ್ತಿದ್ದಾರಲ್ಲ, ಹೇಳಿದ್ದು ಯಾರು ಎಂದು ನಾನು ಕೇಳಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ ಅನ್ನುವುದೇ ಸರಿ. ಮೇಲೆ ಬಂದು ದಿಮ್ಮಿ ತೆಗೆದು ಜಾಕ್ ಇಳಿಸಿದೆ. ಗಾಡಿ ತನ್ನ ಕಾಲ ಮೇಲೆ ನಿಂತಿತು. ಮತ್ತೆ ಗುಂಡಿಗೆ ಇಳಿದು, "ನೀವು ಕೂತ್ಕೊಳ್ಳಿ ಅಮ್ಮಾವ್ರೆ, ಬಿಗಿದುಬಿಡ್ತೀನಿ" ಎಂದೆ.

ಬಲಬಾಗಿಲು ತೆಗೆದ ಸದ್ದು. ಬಾಗಿಲು ಹಾಕಿದ ಸದ್ದು. ನನ್ನ ತಲೆಯ ಮೇಲೆ ಬಲಬದಿ ಒಂದಿಷ್ಟೇ ಕುಸಿಯಿತು. ಹಗುರ ಹೆಂಗಸು, ಅಷ್ಟೇ ಕುಸಿಯಬೇಕಾದದ್ದು. ನಾನು ಬಲಗಡೆಯ ನಟ್ಟಿಗೆ ಸ್ಪ್ಯಾನರ್ ಕೊಡಲು ಕೈ ಎತ್ತಿದೆ. ಆಗ ಎಡಬದಿ ಕುಸಿಯಿತು.

ಮೆಲ್ಲಗೆ, ಭಾರದ ಮನುಷ್ಯರು ಸೀಟಿನಲ್ಲಿ ಕೂತು ಬೆನ್ನು ಒರಗಿಸಿದಾಗ ಕುಸಿಯುವ ಹಾಗೆ. ಎಡಗಡೆಯ ಕಮಾನು ಪಟ್ಟಿಗಳು ಒಂದರ ಮೇಲೊಂದು ಜಾರಿ ಕಿರ್ ಎಂದವು. ಅವುಗಳ ನಡುವಿನಿಂದ ಉಳಿದಿದ್ದ ಮಣ್ಣು ನನ್ನ ಭುಜದ ಮೇಲೆ ಉದುರಿತು. ಎಡಬಾಗಿಲು ತೆಗೆದ ಸದ್ದನ್ನು ನಾನು ಕೇಳಿರಲಿಲ್ಲ.

ಅವರೇ ಪಕ್ಕಕ್ಕೆ ಸರಿದಿರಬೇಕು ಎಂದುಕೊಂಡೆ. ಸರಿದಿದ್ದರೆ ಬಲಗಡೆ ಮೇಲೇಳಬೇಕಿತ್ತು. ಎದ್ದಿರಲಿಲ್ಲ. ಕಂಬಿಯೇ ಎಡಬದಿಯನ್ನು ಎಳೆಯಿತೇ ಎಂದರೆ, ಅದರ ನಟ್ಟುಗಳು ಇನ್ನೂ ಸಡಿಲವಾಗಿ ಬೆರಳಿಗೇ ತಿರುಗುತ್ತಿದ್ದವು. ಸಡಿಲವಾದ ಕಂಬಿ ಏನನ್ನೂ ಎಳೆಯುವುದಿಲ್ಲ. ಇಷ್ಟೂ ಲೆಕ್ಕವನ್ನು ನಾನು ಗುಂಡಿಯಲ್ಲಿ ನಿಂತೇ ಮಾಡಿದೆ. ಎರಡು ಬದಿಯೂ ಸಮಕ್ಕೆ ನಿಂತಿದ್ದವು.

"ಬಿಗೀರಿ ಮೇಸ್ತ್ರಿ" ಎಂದರು ಆಕೆ ಒಳಗಿನಿಂದ.

ಬಿಗಿದೆ. ಸ್ಪ್ಯಾನರ್ ಜಾರಿ ಗೆಣ್ಣಿನ ಚರ್ಮ ಕಿತ್ತುಹೋಯಿತು. ಮೇಲೆ ಹತ್ತಿ ಬಂದು ನೋಡಿದೆ. ಆಕೆ ಬಲಗಡೆ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ನೆಟ್ಟಗೆ ಕೂತಿದ್ದರು. ಎಡಗಡೆ ಸೀಟು ಖಾಲಿ. ನಾನೇ ಹೊಲಿಸಿ ಹಾಕಿದ್ದ ಹೊಸ ಚರ್ಮದ ಹೊದಿಕೆ ಸುಕ್ಕಿಲ್ಲದೆ ಹೊಳೆಯುತ್ತಿತ್ತು.

"ಒಂದು ಸಲ ಓಡಿಸಿ ನೋಡೋಣ. ಬನ್ನಿ" ಎಂದರು.

"ನಾನು ಓಡಿಸ್ತೀನಿ ಕೊಡಿ."

"ಬೇಡ. ನೀವು ಹಿಂದೆ ಕೂತ್ಕೊಳ್ಳಿ."

ಅದು ಸರಿಯಾದ ಮಾತೇ. ಗಂಡನನ್ನು ಕಳೆದುಕೊಂಡ ದೊಡ್ಡ ಮನೆಯ ಹೆಣ್ಣುಮಗಳ ಪಕ್ಕದಲ್ಲಿ ಗ್ಯಾರೇಜಿನವನು ಕೂತುಹೋದರೆ ಊರು ಸುಮ್ಮನಿರುತ್ತದೆಯೇ? ನಾನು ಹಿಂದೆಯೇ ಕೂತೆ. ಆದರೆ ಮುಂದೆ ಕೂರು ಎಂದಿದ್ದರೂ ನಾನು ಆ ಸೀಟಿನಲ್ಲಿ ಕೂರುತ್ತಿರಲಿಲ್ಲ.

ಕಾರು ದೊಡ್ಡ ರಸ್ತೆಗೆ ಇಳಿದು, ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಹಾದು ಬೋಗಾದಿಯ ಕಡೆ ತಿರುಗಿತು. ಎಲ್ಲಿಗೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಆಗ ಬೋಗಾದಿ ಹೊಲಗದ್ದೆಗಳ ನಡುವಿನ ಒಂದು ಹಳ್ಳಿ. ಮನೆಗಳು ಮುಗಿದ ಮೇಲೆ ಎರಡೂ ಕಡೆ ಕೊಯ್ದ ರಾಗಿ ಹೊಲ, ಮಂಜು, ದೂರದಲ್ಲಿ ಎಲ್ಲೋ ದನದ ಗಂಟೆ. ಜನವೇ ಇಲ್ಲ.

ಆಗ ಆಕೆ ಮಾತಾಡುವುದು ಕೇಳಿಸಿತು. ನನ್ನ ಜೊತೆಗಲ್ಲ.

"ಹೂಂ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ "ಹೂಂ, ಗೊತ್ತು" ಎಂದರು. ಯಾರೋ ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡುವವರ ಹಾಗೆ. ಪ್ರತಿ ಸಲವೂ ಮುಖ ಒಂದಿಷ್ಟೇ ಎಡಕ್ಕೆ ವಾಲುತ್ತಿತ್ತು, ಕಣ್ಣು ಮಾತ್ರ ರಸ್ತೆಯ ಮೇಲೆ.

ಏರಿ ಕಾಣಿಸಿತು. ಅಲ್ಲಿ ರಸ್ತೆ ನೆಟ್ಟಗೆ ಹೋಗಿ ಹಠಾತ್ತಾಗಿ ಬಲಕ್ಕೆ ಹೊರಳುತ್ತದೆ. ಹೊರಳದವರಿಗೆ ಮುಂದೆ ಏರಿಯ ಇಳಿಜಾರು. ಅವರು ವೇಗ ಇಳಿಸಲಿಲ್ಲ.

"ಅಮ್ಮಾವ್ರೆ!" ಎಂದೆ.

"ಬ್ರೇಕ್ ಬೇಡ... ಗೊತ್ತು, ಗೊತ್ತು" ಎಂದರು ಆಕೆ ಎಡಕ್ಕೆ.

ಕ್ಲಚ್ಚು, ತಟ್ಟು, ಕ್ಲಚ್ಚು. ಗೇರು ಇಳಿಯಿತು. ಸ್ಟೀರಿಂಗ್ ತಿರುಗಿತು. ನಾನು ಎರಡೂ ಕೈಯಲ್ಲಿ ಬಾಗಿಲ ಹಿಡಿ ಕಚ್ಚಿಹಿಡಿದಿದ್ದೆ. ಎಷ್ಟೋ ಸಲ ಆ ಕಾರಿನಲ್ಲಿ ಕೂತಿದ್ದವನು ನಾನು. ಈಗ ವಾಲುತ್ತದೆ, ಈಗ ವಾಲುತ್ತದೆ ಎಂದು ನನ್ನ ಮೈಯೇ ಕಾಯುತ್ತಿತ್ತು. ವಾಲಲಿಲ್ಲ. ಹಲಗೆಯ ಮೇಲೆ ಕೂತ ಹಾಗೆ ಮಟ್ಟವಾಗಿ ಹೊರಳಿತು. ತಿರುವಿನ ನಡುವೆ ಜಲ್ಲಿ ಚದುರಿದ ಕಡೆ ಬಾಲ ಒಮ್ಮೆ ಹೊರಕ್ಕೆ ಜಾರಿತು. ಆಕೆ ಕಾಲು ತೆಗೆಯಲಿಲ್ಲ. ಸ್ಟೀರಿಂಗನ್ನು ಒಂದು ಎಳೆಯಷ್ಟು ಸಡಿಲಿಸಿದರು. ಬಾಲ ತನ್ನ ಜಾಗಕ್ಕೆ ಬಂತು. ತಿರುವು ಮುಗಿದಿತ್ತು.

ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿದರು. ಇಳಿದು, ಸೆರಗು ಹೊದ್ದುಕೊಂಡು, ರಸ್ತೆಯ ಗುಂಟ ಹಿಂದಕ್ಕೆ ನಡೆದು ಏರಿಯ ಅಂಚಿನಲ್ಲಿ ನಿಂತರು. ನಾನೂ ಹಿಂದೆ ಹೋದೆ. ಕೆರೆಯ ಮೇಲೆ ಮಂಜು ನಿಂತಿತ್ತು. ಅದರೊಳಗೆ ನೀರುಕೋಳಿಯೊಂದು ಕೂಗಿ ಸುಮ್ಮನಾಯಿತು.

"ಮೇಸ್ತ್ರಿ, ಈ ಗಾಡಿ ರಿಪೇರಿ ಮಾಡುವಾಗ ನಿಮಗೆ ಏನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು ತಾಯಿ. ಎಡಗಡೆ ಅಷ್ಟೊಂದು ಜಜ್ಜಿಹೋಗಿತ್ತು..."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಯಾರನ್ನ ಕೇಳ್ಲಿ?"

"ನನ್ನ." ಆಕೆ ನನ್ನ ಕಡೆ ತಿರುಗಲಿಲ್ಲ. "ಯಾರೂ ಕೇಳ್ಲಿಲ್ಲ ನೋಡಿ. ಪೊಲೀಸ್ನೋರು ಬಂದು ಪಡಸಾಲೇಲಿ ಕೂತು ಗಂಡಸರ ಹತ್ರ ಮಾತಾಡ್ಕೊಂಡು ಹೋದ್ರು. ನಾನು ಬಾಗಿಲ ಹಿಂದೇನೇ ಇದ್ದೆ. ಹೆಂಗಸು ಓಡಿಸ್ತಾ ಇದ್ದಿರಬಹುದು ಅನ್ನೋದು ಒಬ್ಬರ ತಲೆಗೂ ಹೋಗ್ಲಿಲ್ಲ. ದಿನಾ ಬೆಳಿಗ್ಗೆ ಅವರು, ಮನೇಲಿ ಎಲ್ಲರೂ ಏಳೋಕ್ ಮುಂಚೆ ಕರ್ಕೊಂಡ್ ಬರ್ತಿದ್ರು. ಊರು ದಾಟಿದ್ ಮೇಲೆ ಜಾಗ ಬದಲಾಯಿಸ್ಕೊಳ್ತಿದ್ವಿ. ಅವತ್ತು ಇಲ್ಲಿ ಮೂತಿ ತಿರುಗ್ಲಿಲ್ಲ. ನಾನು ಹೆದರ್ಕೊಂಡು ಕಾಲು ತೆಗೆದು ಬ್ರೇಕ್ ಒತ್ಬಿಟ್ಟೆ. ಹೆದರಬೇಡ ಅಂದ್ರು. ಅದೇ ಕೊನೇ ಮಾತು."

ಬೆಳಿಗ್ಗೆಯಿಂದ ನನ್ನನ್ನು ಹೆದರಿಸಿದ್ದ ಎಷ್ಟೋ ಸಂಗತಿಗಳು ಆ ಮಾತಿನೊಂದಿಗೆ ಬಿಡಿಸಿಕೊಂಡವು. ಗೇರಿನ ತಟ್ಟು ಎಲ್ಲಿಂದ ಬಂತು, ಹರಳೆಣ್ಣೆಯ ವಿಚಾರ ಯಾರು ಹೇಳಿದ್ದು, ಎಡಗಡೆ ಕೂತಿದ್ದವರು ಯಾರು. ಗುಂಡಿಯಲ್ಲಿ ಕಂಡದ್ದು ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಅವತ್ತು ತಪ್ಪಿದ್ದು ನನ್ನ ಕೈಯೋ, ಗಾಡಿಯೋ ಅಂತ ನೋಡ್ಬೇಕಿತ್ತು" ಎಂದರು. "ಅದಕ್ಕೇ ಕಂಬಿ ಹಾಕಿಸಿದ್ದು. ನೀವು ಹೇಳಿ. ಯಾವುದು?"

ಗಾಡಿ ಎಂದುಬಿಟ್ಟಿದ್ದರೆ ಆಕೆಗೆ ನೆಮ್ಮದಿಯಾಗುತ್ತಿತ್ತೇನೋ. ಬಾಯಿ ಬರಲಿಲ್ಲ.

"ಇವತ್ತು ಗಾಡಿನೂ ಬೇರೆ, ಕೈಯೂ ಬೇರೆ ತಾಯಿ. ಅವತ್ತಿಂದು ಇವತ್ತು ಗೊತ್ತಾಗಲ್ಲ."

ಆಕೆ ತಲೆ ಆಡಿಸಿದರು. ಕೆಳಗಿನ ಹೊಲ ನೋಡುತ್ತಾ, "ಅತ್ತೆಯವರಿಗೆ ಹೇಳ್ಬೇಕು" ಎಂದರು.

ವಾಪಸು ಬರುವಾಗ ಆಕೆಯ ಮುಖ ಒಮ್ಮೆಯೂ ಎಡಕ್ಕೆ ವಾಲಲಿಲ್ಲ. ಒಂಟಿಕೊಪ್ಪಲ್ ಹತ್ತಿರವಾದಾಗ ತಡೆಯಲಾರದೆ ಕೇಳಿಯೇಬಿಟ್ಟೆ: "ಅಮ್ಮಾವ್ರೆ, ಹೋಗುವಾಗ ಯಾರ ಜೊತೆ ಮಾತಾಡ್ತಿದ್ರಿ?"

ಕನ್ನಡಿಯಲ್ಲಿ ನನ್ನನ್ನು ನೋಡಿದರು. ಅವರ ಮುಖದಲ್ಲಿದ್ದದ್ದು ನಿಜವಾದ ಅಚ್ಚರಿ.

"ನಾನಾ? ಮಾತಾಡ್ತಿದ್ನಾ?" ಎಂದರು.

ಅವತ್ತು ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿ ಕೇಳಿದಳು. ಎಡಬದಿ ಕುಸಿದ ಮಾತಿಗೆ ಅವಳೇನೂ ಬೆಚ್ಚಲಿಲ್ಲ.

"ಕೂತಿದ್ರೆ ಕೂತಿರ್ಲಿ ಬುಡಿ, ಅವರ ಗಾಡಿ ತಾನೆ" ಎಂದಳು. ಆಮೇಲೆ, "ಆಯಮ್ಮ ಇಷ್ಟ್ ದಿನ ಅದ್ನ ಒಟ್ಟೇಲಿಟ್ಕೊಂಡು ಎಂಗ್ ಬದುಕುದ್ಲೋ. ಈಗ ಅತ್ತೆ ಮನೇಲಿ ಇಟ್ಕೋತಾಳೋ, ಓಡುಸ್ಬುಡ್ತಾಳೋ" ಎಂದು ಮತ್ತೆ ಮುದ್ದೆ ತಿರುವತೊಡಗಿದಳು.

ನನಗೂ ಅದೇ ಚಿಂತೆ. ಕೆಲವು ದಿನ ಲಕ್ಷ್ಮೀಪುರದ ಕಡೆಯಿಂದ ಏನೂ ಸುದ್ದಿ ಬರಲಿಲ್ಲ. ಹೋಗಿ ವಿಚಾರಿಸುವಷ್ಟು ಸಲಿಗೆ ನನಗಿರಲಿಲ್ಲ.

ಒಂದು ಮಧ್ಯಾಹ್ನ ಗ್ಯಾರೇಜಿನ ಮುಂದೆ ಜಟಕಾ ಬಂದು ನಿಂತಿತು. ಒಳಗೆ ಸಾಹುಕಾರರ ತಾಯಿ. ಇಳಿಯಲಿಲ್ಲ. ನಾನೇ ಕೈ ಒರೆಸಿಕೊಂಡು ಹೋಗಿ ನಮಸ್ಕಾರ ಮಾಡಿದೆ. ದೊಡ್ಡ ಮೈಯ ಮುದುಕಿ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಕಣ್ಣಿನ ಸುತ್ತ ಕಪ್ಪು. ಅತ್ತಿದ್ದರೋ ನಿದ್ದೆಗೆಟ್ಟಿದ್ದರೋ ಹೇಳಲಾಗದು.

"ನೀನೇ ಏನಪ್ಪ ಅವತ್ತು ಅವಳ ಜೊತೆ ಹೋಗಿದ್ದೋನು?"

"ಹೂಂ ದೊಡ್ಡಮ್ಮಾವ್ರೆ."

"ಆ ತಿರುವು ತನಕ?"

"ಹೂಂ."

ಸ್ವಲ್ಪ ಹೊತ್ತು ನನ್ನ ಎಣ್ಣೆಗೈಯನ್ನೇ ನೋಡಿದರು. ಜಟಕಾದವನು ಬೇರೆ ಕಡೆ ಮುಖ ಮಾಡಿ ಕುದುರೆಗೆ ಹುಲ್ಲು ಹಾಕುತ್ತಿದ್ದ.

"ಅವಳು ಚೆನ್ನಾಗಿ ಓಡಿಸ್ತಾಳಾ?"

ಅಂಥ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. "ಚೆನ್ನಾಗಿ ಓಡಿಸ್ತಾರೆ" ಎಂದೆ.

"ನನ್ನ ಸಮಾಧಾನಕ್ಕೆ ಹೇಳ್ಬೇಡ. ನಿನ್ನ ಹೆಂಡ್ತಿ ಮಕ್ಕಳನ್ನ ಆ ಗಾಡೀಲಿ ಕೂರಿಸ್ತೀಯಾ, ಅವಳು ಓಡಿಸೋವಾಗ?"

ಜಲ್ಲಿಯ ಮೇಲೆ ಬಾಲ ಜಾರಿದಾಗಲೂ ಅಲುಗದ ಆ ಕಾಲು ನೆನಪಾಯಿತು.

"ಕೂರಿಸ್ತೀನಿ" ಎಂದೆ.

ಮುದುಕಿ ಜಟಕಾದವನಿಗೆ ಹೊರಡು ಎಂದು ಸನ್ನೆ ಮಾಡಿದರು. ಗಾಡಿ ಓಣಿಯ ಇಳಿಜಾರಿನಲ್ಲಿ ಹೋಗುವುದನ್ನು ನಾನು ನೋಡುತ್ತಾ ನಿಂತೆ. ಅವರು ಹಿಂದಿರುಗಿ ನೋಡಲಿಲ್ಲ. ಸೊಸೆ ಅತ್ತೆಗೆ ಏನು ಹೇಳಿದರು, ಅತ್ತೆ ಏನೆಂದರು, ಆ ಮನೆಯೊಳಗೆ ಆ ದಿನಗಳು ಹೇಗೆ ಕಳೆದವು, ಇವತ್ತಿಗೂ ನನಗೆ ತಿಳಿಯದು.

ಮುಂದಿನದೋ ಅದರ ಮುಂದಿನದೋ ಸೋಮವಾರ, ಲಾರಿಯೊಂದರ ಕೆಲಸಕ್ಕೆಂದು ಸೈಕಲ್ಲಿನಲ್ಲಿ ನಂಜನಗೂಡಿನ ರಸ್ತೆಯಲ್ಲಿ ಹೋಗುತ್ತಿದ್ದೆ. ಆ ಕಪ್ಪು ಕಾರು ನನ್ನನ್ನು ದಾಟಿ ದೇವಸ್ಥಾನದ ಕಡೆ ಹೋಯಿತು. ಸೊಸೆ ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತುಟಿ ಪಿಟಿಪಿಟಿ ಅಲ್ಲಾಡಿಸುತ್ತಾ, ಸೊಸೆಯ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು.